ನೀರು ಮುಂಬಯಿಯದು, ಸುದ್ದಿ ಊರಿನದು

2026ರ ಜನವರಿ 15. ಮುಂಬಯಿ ಮಹಾನಗರ ಪಾಲಿಕೆಗೆ ಮತದಾನ ನಡೆಯುತ್ತಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಭಾಂಡುಪ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. ನಾಲ್ಕು ಬಟನ್ ಒತ್ತಲೇಬೇಕು, ಇಲ್ಲದಿದ್ದರೆ ನಿಮ್ಮ ವೋಟು ಲೆಕ್ಕಕ್ಕೆ ಬರುವುದಿಲ್ಲ ಎಂದು. ಆ ಮಾತು ಠಾಣೆ, ಡೊಂಬಿವಲಿಯವರಿಗೆ ಸಂಬಂಧಿಸಿದ್ದು. ಅಲ್ಲಿ ಒಂದು ಪ್ರಭಾಗದಿಂದ, ಅಂದರೆ ವಾರ್ಡಿನಿಂದ, ಸಾಮಾನ್ಯವಾಗಿ ನಾಲ್ಕು ಜನರನ್ನು ಆರಿಸುತ್ತಾರೆ. ಮುಂಬಯಿಯಲ್ಲಿ ಹಾಗಿಲ್ಲ. 227 ವಾರ್ಡು, ವಾರ್ಡಿಗೆ ಒಬ್ಬ ನಗರಸೇವಕ (ಕಾರ್ಪೊರೇಟರ್), ನಮಗೆ ಒಂದೇ ವೋಟು. ಆ ದಿನ ಮಹಾರಾಷ್ಟ್ರದ 29 ಮಹಾನಗರ ಪಾಲಿಕೆಗಳಿಗೆ ಒಟ್ಟಿಗೇ ಚುನಾವಣೆ ಇತ್ತು. ಒಂದು ಊರಿನ ಸಂದೇಶ ಇನ್ನೊಂದು ಊರಿಗೆ ಹಾರಿತ್ತು.

ಹತ್ತು ಗಂಟೆಗೆ ನಮ್ಮ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿದರು. "ಮಾರಾಯ್ರೆ, ನಾನು ಒಂದೇ ಬಟನ್ ಒತ್ತಿ ಬಂದೆ. ಬೀಪ್ ಆಯ್ತು, ಅವರು ಹೋಗಿ ಅಂದ್ರು. ನನ್ನ ವೋಟು ಹಾಳಾಯ್ತಾ?"

ಹಾಳಾಗಿಲ್ಲ ಎಂದು ಹೇಳಿದೆ. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಏಕೆಂದರೆ ಇವರು ಸುದ್ದಿ ನೋಡದ ಮನುಷ್ಯರಲ್ಲ. ದಿನಕ್ಕೆ ಮೂರು ಗಂಟೆ ನೋಡುತ್ತಾರೆ. 2025ರ ನವೆಂಬರ್ ಕೊನೆಯಲ್ಲಿ, ಡಿಸೆಂಬರ್ ಮೊದಲಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಒಬ್ಬರ ಮನೆಗೆ ಒಬ್ಬರು ಉಪಾಹಾರಕ್ಕೆ ಹೋದಾಗ, ಯಾರ ಮನೆಯಲ್ಲಿ ಏನು ಬಡಿಸಿದರು ಎನ್ನುವುದು ಸಹ ಇವರಿಗೆ ಗೊತ್ತಿತ್ತು. ಆದರೆ ಅವರ ವಾರ್ಡಿನ ನಂಬರ್ ಗೊತ್ತಿರಲಿಲ್ಲ. ಅಭ್ಯರ್ಥಿಗಳ ಹೆಸರು ಗೊತ್ತಿರಲಿಲ್ಲ. ಅವರು ಮುಂಬಯಿಗೆ ಬಂದು 40 ವರ್ಷ ದಾಟಿದೆ.

ಇದು ಅವರೊಬ್ಬರ ಕತೆಯಲ್ಲ. ನಮ್ಮ ಗುಂಪಿನ ತುಂಬಾ ಜನರ ಕತೆ. ಮತ ಹಾಕುವುದು ಇಲ್ಲಿ, ಮನಸ್ಸು ಇರುವುದು ಅಲ್ಲಿ. ಮನಸ್ಸು ಊರಿನಲ್ಲಿರುವುದು ತಪ್ಪಲ್ಲ. ಮೊದಲಿನಿಂದಲೂ ಹಾಗೆಯೇ ಇತ್ತು. ಆದರೆ ಈಗ ಫೋನು ಅದಕ್ಕೆ ಇನ್ನೇನೋ ಸೇರಿಸಿದೆ. ಊರಿನ ರಾಜಕೀಯಕ್ಕೆ ನಾವು ಬಹಳ ತಿಳಿದ ಪ್ರೇಕ್ಷಕರಾಗಿದ್ದೇವೆ. ನೀರು, ರಸ್ತೆ, ಆಸ್ಪತ್ರೆ ಕೊಡುವ ಈ ನಗರಕ್ಕೆ ಏನೂ ತಿಳಿಯದ ಮತದಾರರಾಗಿದ್ದೇವೆ. ಇದು ಹೇಗಾಯಿತು ಎಂದು ಬಿಡಿಸಿ ನೋಡಬೇಕು ಅನಿಸಿತು.

ಮೊದಲು, ನಮಗೆ ಗೊತ್ತಿಲ್ಲದೆ ಹೋದದ್ದು ಎಷ್ಟು ದೊಡ್ಡದು ಎಂಬುದು. ಮುಂಬಯಿ ಪಾಲಿಕೆಯ 2025-26ರ ಬಜೆಟ್ 74,427 ಕೋಟಿ ರೂಪಾಯಿ. ಗೋವಾ ರಾಜ್ಯದ ಬಜೆಟ್ಟಿನ ಎರಡು ಪಟ್ಟಿಗಿಂತಲೂ ಜಾಸ್ತಿ. ಇದಕ್ಕೆ ಮುಂಚೆ ಚುನಾವಣೆ ನಡೆದದ್ದು 2017ರಲ್ಲಿ. ಆ ನಗರಸೇವಕರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು ಎಂದು ಸಂವಿಧಾನದ 243 ಯು ವಿಧಿ ಹೇಳುತ್ತದೆ. ಆಗಲಿಲ್ಲ. ಹಿಂದುಳಿದ ವರ್ಗಗಳ ಮೀಸಲಾತಿಯ ಕೇಸು, ವಾರ್ಡು 227 ಇರಬೇಕೋ 236 ಇರಬೇಕೋ ಎಂಬ ಜಗಳ, ಹೀಗೆ ಮುಂದಕ್ಕೆ ಹೋಗುತ್ತಲೇ ಇತ್ತು. ಕೊನೆಗೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಚುನಾವಣೆ ನಡೆಸಿ ಎಂದು ಹೇಳಬೇಕಾಯಿತು. ಚುನಾವಣೆ ಆಗುವವರೆಗೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದೇ ಆಡಳಿತ. ಕಡಿಮೆಯೆಂದರೂ ಮೂರು ಬಜೆಟ್‌ಗಳು ಒಬ್ಬ ನಗರಸೇವಕನೂ ಇಲ್ಲದೆ ಪಾಸಾದವು.

ಹೆಚ್ಚು ಕಡಿಮೆ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ನಮ್ಮ ಗುಂಪಿನಲ್ಲಿ ಈ ಬಗ್ಗೆ ಒಂದು ಸಂದೇಶವಾದರೂ ಬಂದಿತ್ತೇ ಎಂದು ನಾನು ಹಿಂದಕ್ಕೆ ಸ್ಕ್ರೋಲ್ ಮಾಡಿ ನೋಡಿದೆ. ನನಗೆ ಸಿಗಲಿಲ್ಲ. ನಾನೂ ಹಾಕಿರಲಿಲ್ಲ.

ಫೋನು ಇದನ್ನು ಬೇಕೆಂದೇ ಮಾಡುವುದಿಲ್ಲ. ನಾವು ಎಲ್ಲಿದ್ದೇವೆ ಎಂದು ಅದಕ್ಕೆ ಚೆನ್ನಾಗಿ ಗೊತ್ತು. ಹತ್ತಿರದ ಹೋಟೆಲು, ನಾಳೆಯ ಮಳೆ, ಲೋಕಲ್ ಟ್ರೇನಿನ ಹೊತ್ತು, ಎಲ್ಲ ಹೇಳುತ್ತದೆ. ಆದರೆ ಸುದ್ದಿಯ ವಿಷಯದಲ್ಲಿ ಅದು ಮೊದಲು ನೋಡುವುದು ನಾವು ಯಾವ ಭಾಷೆಯಲ್ಲಿ ಏನನ್ನು ನೋಡಿದ್ದೇವೆ, ಅದನ್ನೇ ನೋಡಿದ ಉಳಿದವರು ಮುಂದೆ ಏನು ನೋಡಿದರು ಎಂಬುದನ್ನು. ನಾವು ಕನ್ನಡ ನೋಡುತ್ತೇವೆ. ಕನ್ನಡ ನೋಡುವ ಉಳಿದವರು ಬಹುಪಾಲು ಕರ್ನಾಟಕದಲ್ಲಿದ್ದಾರೆ. ಅವರಿಗೆ ಬೇಕಾದದ್ದು ವಿಧಾನಸೌಧ. ಹಾಗಾಗಿ ನಮಗೂ ವಿಧಾನಸೌಧ ಬರುತ್ತದೆ. ಭಾಷೆ ಆರಿಸಿದ ಕೂಡಲೇ ಊರನ್ನೂ ಆರಿಸಿದ ಹಾಗಾಯಿತು.

ಇನ್ನೊಂದು ಕಾರಣ ಹಣ. ವಿಡಿಯೋ ಮಾಡುವವರಿಗೆ ದುಡ್ಡು ಬರುವುದು ನೋಡುವವರ ಲೆಕ್ಕದಲ್ಲಿ. ಭಾಂಡುಪ್‌ನ ನೀರಿನ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡಿದರೆ ಎಷ್ಟು ಜನ ನೋಡಿಯಾರು? 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು ಇಡೀ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಅದರಲ್ಲಿ ಸೊಲ್ಲಾಪುರ, ಸಾಂಗ್ಲಿ ಕಡೆಯವರೂ ಸೇರಿದರು. ತುಳುವರ ಲೆಕ್ಕ ಬೇರೆ. ಮುಂಬಯಿಯ ಒಂದು ವಾರ್ಡಿಗೆ ಬಂದರೆ ಕೆಲವು ಸಾವಿರ ಜನ ಇರಬಹುದು. ಅಷ್ಟಕ್ಕೆ ಯಾವ ಚಾನೆಲ್ಲೂ ಕ್ಯಾಮೆರಾ ಹಿಡಿದು ಬರುವುದಿಲ್ಲ. ಮುಂಬಯಿಯ ಸುದ್ದಿ ಇರುವುದು ಮರಾಠಿಯಲ್ಲಿ. ನಮ್ಮಲ್ಲಿ ಹೆಚ್ಚಿನವರಿಗೆ ಮರಾಠಿ ಬರುತ್ತದೆ. ಭಾಜಿವಾಲಾನ ಹತ್ತಿರ, ಆಫೀಸಿನಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡುತ್ತೇವೆ. ಆದರೆ ಮನೆಗೆ ಬಂದು ಕಾಲು ಚಾಚಿ ಕುಳಿತಾಗ ಬೇಕಾಗುವುದು ಕನ್ನಡ ಅಥವಾ ತುಳು. ಫೋನು ಬರುವುದು ಸರಿಯಾಗಿ ಆ ಹೊತ್ತಿಗೇ.

ಹಿಂದೆ ಹೀಗಿರಲಿಲ್ಲ ಎನ್ನುವುದೇ ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು. ನಾನು ಮುಂಬಯಿಗೆ ಬಂದ ಹೊಸತರಲ್ಲಿ ಕ್ಯಾಂಟೀನಿನ ಗಲ್ಲಾದ ಮೇಲೆ 'ಕರ್ನಾಟಕ ಮಲ್ಲ' ಇರುತ್ತಿತ್ತು. 'ಉದಯವಾಣಿ'ಯ ಮುಂಬಯಿ ಆವೃತ್ತಿ ಇರುತ್ತಿತ್ತು. ಒಂದು ಪೇಪರನ್ನು ಹತ್ತು ಜನ ಓದುತ್ತಿದ್ದರು. ಅದರಲ್ಲಿ ಯಕ್ಷಗಾನದ ಜಾಹೀರಾತು, ಸಂಘದ ವಾರ್ಷಿಕೋತ್ಸವ, ಊರಿನ ಮರಣವಾರ್ತೆ ಎಲ್ಲ ಇರುತ್ತಿದ್ದವು. ಅದೇ ಪುಟದಲ್ಲಿ, ನಾಳೆ ಯಾವ ಕಡೆ ನೀರು ಇಲ್ಲ, ಯಾವ ಕಡೆ ಚಾಳು ಒಡೆಯುತ್ತಾರೆ, ಯಾರು ಚುನಾವಣೆಗೆ ನಿಂತಿದ್ದಾರೆ ಎಂಬುದೂ ಇರುತ್ತಿತ್ತು. ಮರಣವಾರ್ತೆ ಓದಲು ಹೋದವನು ಸುಮ್ನೆ ಕಣ್ಣು ಹಾಯಿಸಿ ನೀರಿನ ಸುದ್ದಿಯನ್ನೂ ಓದುತ್ತಿದ್ದ. ಫೋನಿನಲ್ಲಿ ಕಳೆದುಹೋದದ್ದು ಈ ಪಕ್ಕದ ಸುದ್ದಿ. ಅಲ್ಲಿ ನಾವು ಕೇಳಿದ್ದಕ್ಕೆ ಹೊಂದುವುದೇ ಮತ್ತೆ ಮತ್ತೆ ಬರುತ್ತದೆ. ಕೇಳದೆ ಇದ್ದದ್ದು ಪಕ್ಕದಲ್ಲಿ ಬಂದು ಕೂರುವುದಿಲ್ಲ.

ಅದಕ್ಕೂ ಹಿಂದಿನ ಮಾತು ಬೇಕಾದರೆ ಜಾರ್ಜ್ ಫರ್ನಾಂಡಿಸ್ ಇದ್ದಾರೆ. ಮಂಗಳೂರಿನ ಹುಡುಗ, 1949ರಲ್ಲಿ ಕೈಯಲ್ಲಿ ಏನೂ ಇಲ್ಲದೆ ಬಂದವರು. ಟ್ಯಾಕ್ಸಿಯವರು, ಹೋಟೆಲಿನ ಕೆಲಸದವರು, ಪಾಲಿಕೆಯ ಕಾರ್ಮಿಕರು ಎಲ್ಲರನ್ನೂ ಸೇರಿಸಿ ಯೂನಿಯನ್ ಕಟ್ಟಿದರು. 1961ರಲ್ಲಿ ನಗರಸೇವಕರಾದರು. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರ ಎದುರು ಲೋಕಸಭೆಗೆ ನಿಂತರು. ಪಾಟೀಲರನ್ನು ಅಲುಗಾಡಿಸಲು ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ನೀವು ಮನಸ್ಸು ಮಾಡಿದರೆ ಅವರನ್ನು ಸೋಲಿಸಬಹುದು ಎಂಬ ಅರ್ಥದ ಪೋಸ್ಟರು ಗೋಡೆ ಗೋಡೆಗೂ ಬಿತ್ತು. ಸೋಲಿಸಿದರು. ಗೋಡೆ ಇರುವುದು ಗಲ್ಲಿಯಲ್ಲಿ. ಪೋಸ್ಟರ್ ಓದುವವನು ಅದೇ ಗಲ್ಲಿಯ ಮತದಾರ. ಗೋಡೆಯ ಮಾತು ಗೋಡೆಯನ್ನು ಬಿಟ್ಟು ಹೋಗುತ್ತಿರಲಿಲ್ಲ. ಡೊಂಬಿವಲಿಯ ಪೋಸ್ಟರು ಭಾಂಡುಪ್‌ಗೆ ಹಾರಿ ಬರುತ್ತಿರಲಿಲ್ಲ.

ಈಗ ಇನ್ನೊಂದು ಬದಿ. ಡಿಜಿಟಲ್ ಸಾಧನಗಳಿಂದ ನಗರದ ಜೊತೆ ನಮ್ಮ ಸಂಬಂಧ ಹತ್ತಿರವಾಗಿಲ್ಲವೇ? ಆಗಿದೆ. ನಾನೇ ಬಳಸುತ್ತೇನೆ. ಪಾಲಿಕೆಯ ಆ್ಯಪ್ ಇದೆ, ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಕೊಡುವ ಸೇವೆ 2022ರ ಜನವರಿಯಿಂದ ಇದೆ, ರಸ್ತೆಯ ಹೊಂಡಗಳಿಗೆಂದೇ ಒಂದು ಆ್ಯಪ್ ಇದೆ. ಕಳೆದ ಮಳೆಗಾಲದಲ್ಲಿ ನಮ್ಮ ಬೀದಿಯ ಹೊಂಡದ ಫೋಟೋ ತೆಗೆದು ಹಾಕಿದೆ. ಕೆಲವೇ ದಿನದಲ್ಲಿ ಮುಚ್ಚಿದರು. ಖುಷಿಯಾಯಿತು. ಯಾರ ಕಾಲೂ ಹಿಡಿಯಬೇಕಾಗಲಿಲ್ಲ, ಯಾರ ಪರಿಚಯವೂ ಬೇಕಾಗಲಿಲ್ಲ. ಮೊದಲಾದರೆ ಸಂಘದ ಯಾರಾದರೂ ದೊಡ್ಡವರು ಫೋನ್ ಮಾಡಬೇಕಿತ್ತು.

ಆದರೆ ಆ್ಯಪ್‌ನಲ್ಲಿ ಒಂದು ಹೊಂಡದ ಬಗ್ಗೆ ದೂರು ಕೊಡಬಹುದು. ಈ ರಸ್ತೆಗೆ ಎಷ್ಟು ಖರ್ಚು ಮಾಡಿದಿರಿ, ಗುತ್ತಿಗೆ ಯಾರದ್ದು, ಆ ದುಡ್ಡನ್ನು ಇಲ್ಲಿಗೆ ಹಾಕುವ ಬದಲು ಶಾಲೆಗೆ ಏಕೆ ಹಾಕಲಿಲ್ಲ ಎಂದು ಅದರಲ್ಲಿ ಕೇಳಲು ಜಾಗವಿಲ್ಲ. ಅದನ್ನು ಕೇಳಬೇಕಾದವನು ನಗರಸೇವಕ, ಕೇಳಬೇಕಾದ ಜಾಗ ಪಾಲಿಕೆಯ ಸಭೆ. ಆ ನಾಲ್ಕು ವರ್ಷ ಸಭೆ ಇರಲಿಲ್ಲ, ಆ್ಯಪ್ ಇತ್ತು. ಹಾಗಾಗಿ ಏನೋ ಕೊರತೆ ಇದೆ ಎಂದು ನಮಗೆ ಅನಿಸಲೇ ಇಲ್ಲ. ದೂರು ಕೊಟ್ಟವನಿಗೆ ಒಂದು ನಂಬರ್ ಬರುತ್ತದೆ, ಪಕ್ಕದ ಮನೆಯವನಿಗೆ ಇನ್ನೊಂದು. ಇಬ್ಬರ ತೊಂದರೆಯೂ ಒಂದೇ ಎಂದು ಇಬ್ಬರಿಗೂ ತಿಳಿಯುವುದಿಲ್ಲ. ನಗರಸೇವಕನ ಆಫೀಸಿನ ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಅದು ಹತ್ತು ನಿಮಿಷದಲ್ಲಿ ತಿಳಿಯುತ್ತಿತ್ತು.

ತುಂಬಾ ಜನ ಸೇರಿ ಒಂದೇ ಮಾತು ಹೇಳಲು ಫೋನು ಸಹಾಯ ಮಾಡಿದ್ದೂ ಉಂಟು. 2019ರಲ್ಲಿ ಮುಂಬಯಿಯ ಆರೆ ಕಾಲೊನಿಯಲ್ಲಿ ಮೆಟ್ರೋ ಕಾರ್ ಶೆಡ್‌ಗಾಗಿ ಮರ ಕಡಿಯುವ ಪ್ರಸ್ತಾಪ ಬಂದಾಗ 80 ಸಾವಿರಕ್ಕೂ ಜಾಸ್ತಿ ಆಕ್ಷೇಪಗಳು ಬಂದವು. ಇಷ್ಟು ಜನ ಕಾಗದ ಬರೆದು ಅಂಚೆಗೆ ಹಾಕುತ್ತಿರಲಿಲ್ಲ, ಇಂಟರ್‌ನೆಟ್ ಇದ್ದದ್ದರಿಂದ ಆಯಿತು. ಆದರೂ ಅನುಮತಿ ಸಿಕ್ಕಿತು. ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟು ಅರ್ಜಿಗಳನ್ನು ತಳ್ಳಿಹಾಕಿತು, ಆ ರಾತ್ರಿಯೇ ಗರಗಸ ಶುರುವಾಯಿತು. 7ನೇ ತಾರೀಕು ಸುಪ್ರೀಂ ಕೋರ್ಟು ತಡೆ ಕೊಡುವಷ್ಟರಲ್ಲಿ 2,141 ಮರಗಳು ಬಿದ್ದಿದ್ದವು. ಸುಪ್ರೀಂ ಕೋರ್ಟು ಕೈಗೆತ್ತಿಕೊಂಡದ್ದು ಕಾನೂನು ವಿದ್ಯಾರ್ಥಿಯೊಬ್ಬರ ಪತ್ರವನ್ನು. 80 ಸಾವಿರ ಆಕ್ಷೇಪ ಒಂದು ಕಡೆ, ಒಂದು ಪತ್ರ ಇನ್ನೊಂದು ಕಡೆ. ಎಷ್ಟು ಜನ ಹೇಳಿದರು ಎನ್ನುವುದರ ಜೊತೆಗೆ, ಕೇಳಲೇಬೇಕಾದ ಜಾಗಕ್ಕೆ ಮಾತು ಮುಟ್ಟಿತೇ ಎನ್ನುವುದೂ ಅಷ್ಟೇ ಮುಖ್ಯ.

ಮುಟ್ಟಬೇಕಾದರೆ ಭಾಷೆ ಬೇಕು. 2020ರಲ್ಲಿ ಕೇಂದ್ರ ಸರ್ಕಾರ ಪರಿಸರ ಪರಿಣಾಮದ ಅಂದಾಜಿನ ಹೊಸ ನಿಯಮಗಳ ಕರಡನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಹಾಕಿ ಜನರ ಅಭಿಪ್ರಾಯ ಕೇಳಿತ್ತು. ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟು ಆ ವರ್ಷದ ಜೂನ್ 30ರಂದು ಹೇಳಿತು. ಮುಂಬಯಿ ಪಾಲಿಕೆಗೆ ಇದು ಹೊಸತಲ್ಲ. ಅದು ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಮಗುವಿಗೆ ಕನ್ನಡದಲ್ಲಿ ಪಾಠ ಹೇಳುವ ಪಾಲಿಕೆಯು ಆ ಮಗುವಿನ ಅಪ್ಪ ಅಮ್ಮನಿಗೆ ಮತದಾನದ ದಿನ ಎಷ್ಟು ಬಟನ್ ಎಂಬುದನ್ನು ಕನ್ನಡದಲ್ಲಿ ಹೇಳುವುದು ಅಸಾಧ್ಯವೇನಲ್ಲ, ಅಲ್ವಾ? ಇಲ್ಲಿಯ ರಾಜ್ಯಭಾಷೆ ಮರಾಠಿ, ಅದನ್ನು ನಾವು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುತ್ತಿರುವುದು ಚುನಾವಣೆಯ ಅರ್ಧ ಪುಟದ ಮಾಹಿತಿಯ ಬಗ್ಗೆ.

ಇನ್ನು ಬೆಳಗಾವಿಯ ವಿಷಯ. ನನ್ನ ನಿದ್ದೆ ಕೆಡಿಸಿದ್ದು ಇದು. 2025ರ ಫೆಬ್ರವರಿಯಲ್ಲಿ ಬೆಳಗಾವಿಯ ಹತ್ತಿರ ಕರ್ನಾಟಕದ ಬಸ್ ಕಂಡಕ್ಟರ್ ಒಬ್ಬರ ಮೇಲೆ ಭಾಷೆಯ ಕಾರಣಕ್ಕೆ ಹಲ್ಲೆಯಾಯಿತು. ಆಮೇಲೆ ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ ಚಾಲಕನಿಗೆ ಮಸಿ ಬಳಿದರು. ಎರಡು ರಾಜ್ಯಗಳ ನಡುವೆ ಬಸ್ಸು ನಿಂತಿತು. ನಾನು ಎರಡು ಗುಂಪುಗಳಲ್ಲಿದ್ದೇನೆ. ಒಂದು ಕನ್ನಡಿಗರದ್ದು, ಒಂದು ನಮ್ಮ ಸೊಸೈಟಿಯದ್ದು. ಸೊಸೈಟಿಯಲ್ಲಿ ಹೆಚ್ಚಿನವರು ಮರಾಠಿಯವರು. ಆ ಎರಡು ದಿನ ಕನ್ನಡದ ಗುಂಪಿಗೆ ಬಂದದ್ದು ಕಂಡಕ್ಟರ್ ವಿಡಿಯೋ ಮಾತ್ರ. ಸೊಸೈಟಿಯ ಗುಂಪಿಗೆ ಬಂದದ್ದು ಚಾಲಕನ ವಿಡಿಯೋ ಮಾತ್ರ. ಎರಡೂ ನಿಜವಾಗಿ ನಡೆದದ್ದು. ಯಾವುದೂ ಸುಳ್ಳಲ್ಲ. ಆದರೆ ಇಲ್ಲಿ ನೋವು ಪಟ್ಟವರಿಗೆ ಅಲ್ಲಿಯ ನೋವು ಕಾಣಲಿಲ್ಲ, ಅಲ್ಲಿಯವರಿಗೆ ಇಲ್ಲಿಯದು ಕಾಣಲಿಲ್ಲ. ಒಂದೇ ಟ್ಯಾಂಕಿನ ನೀರು ಕುಡಿಯುವ ಜನ ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ನಾನು ಕಂಡಕ್ಟರ್ ಸುದ್ದಿಯನ್ನು ಸೊಸೈಟಿಯ ಗುಂಪಿಗೂ, ಚಾಲಕನ ಸುದ್ದಿಯನ್ನು ಕನ್ನಡದ ಗುಂಪಿಗೂ ಹಾಕಬೇಕು ಎಂದುಕೊಂಡೆ. ಧೈರ್ಯ ಸಾಲಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಸುಳ್ಳು ಸುದ್ದಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಅದು ಬೇಕು ಕೂಡ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂದು ಐದು ಜನ ಅಲೆಮಾರಿಗಳನ್ನು ಹೊಡೆದು ಕೊಂದರು. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬುದರಿಂದ ಶುರುವಾದ ಸಂಶಯಕ್ಕೆ ಹೈದರಾಬಾದಿನ ಇಂಜಿನಿಯರ್ ಒಬ್ಬ ಸತ್ತ. ಎರಡರ ಹಿಂದೆಯೂ ವಾಟ್ಸ್‌ಆ್ಯಪ್ ಗಾಳಿಸುದ್ದಿ. ಆಮೇಲೆ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಎಂಬ ಮಿತಿ ಹಾಕಿತು. ಎರಡು ಕಡೆಯೂ ಸತ್ತವರು ಹೊರಗಿನಿಂದ ಬಂದವರು. ಹೊರ ಊರಿನಲ್ಲಿ ಬದುಕುವ ನಾವು ಇದನ್ನು ಮರೆಯಬಾರದು.

ಹಾಗೆಂದು ಯಾವುದು ಸುಳ್ಳು ಎಂದು ಹೇಳುವ ಅಧಿಕಾರವನ್ನು ಸರ್ಕಾರದ ಕೈಗೇ ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 2012ರ ನವೆಂಬರ್‌ನಲ್ಲಿ ಬಾಳ ಠಾಕ್ರೆ ತೀರಿಕೊಂಡಾಗ ಮುಂಬಯಿ ಬಂದ್ ಆದದ್ದರ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ, ಅದಕ್ಕೆ ಲೈಕ್ ಒತ್ತಿದ್ದಕ್ಕೆ ಪಾಲ್ಘರ್‌ನ ಇಬ್ಬರು ಹುಡುಗಿಯರನ್ನು ಬಂಧಿಸಿದರು. ಆ ಬಂಧನಗಳಿಂದ ಎದ್ದ ಕೇಸಿನಲ್ಲಿಯೇ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಹೊಡೆದುಹಾಕಿತು. ತನ್ನ ಬಗೆಗಿನ ಸುದ್ದಿ ಸುಳ್ಳೋ ನಿಜವೋ ಎಂದು ಕೇಂದ್ರ ಸರ್ಕಾರದ ಘಟಕವೇ ತೀರ್ಮಾನಿಸುವ ನಿಯಮವನ್ನು ಬಾಂಬೆ ಹೈಕೋರ್ಟು 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿತು. ಎರಡೂ ಸರಿಯಾದ ತೀರ್ಪು ಎಂದೇ ನಾನು ನಂಬಿದ್ದೇನೆ. ಆ ಬಟನ್‌ಗಳ ಸಂದೇಶಕ್ಕೆ ಬೇಕಾಗಿದ್ದದ್ದು ಕಾನೂನಲ್ಲ. ಗುಂಪಿನಲ್ಲಿ ಸರಿಯಾದದ್ದು ಗೊತ್ತಿರುವ ಒಬ್ಬರು ಬೇಕಾಗಿತ್ತು.

ನಮ್ಮ ಗುಂಪಿನಲ್ಲೇ ಇಲ್ಲದ ಕನ್ನಡಿಗರೂ ಇದ್ದಾರೆ. ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ಯಾದಗಿರಿ, ಕಲಬುರಗಿ, ವಿಜಯಪುರದವರು. ಹಳೆಯ ಕನ್ನಡ ಪೇಪರುಗಳಲ್ಲಿ, ಸಂಘಗಳ ಸಭೆಗಳಲ್ಲಿ ಇವರು ಕಂಡದ್ದು ಕಡಿಮೆ, ಆ ಕಾಲವನ್ನು ಹೊಗಳುವಾಗ ಇದನ್ನೂ ಹೇಳಬೇಕು. ನಾಕಾದಲ್ಲಿ ಒಬ್ಬ ಗೌಂಡಿಯನ್ನು ಕೇಳಿದೆ. "ಊರಾಗ ಐತ್ರಿ ವೋಟು. ಪಂಚಾಯ್ತಿ ಎಲೆಕ್ಷನ್‌ಗೆ ಗಾಡಿ ಕಳಸ್ತಾರ, ಹೋಗಿ ಬರ್ತೀವಿ. ಇಲ್ಲಿ ನಮ್ಮನ್ನ ಯಾರ ಕೇಳ್ತಾರ್ರೀ?" ಎಂದ. ಅವನ ಮನೆ ಹೊಳೆಯ ಅಂಚಿನ ಝೋಪಡಿ, ಅದನ್ನು ಉಳಿಸುವುದೂ ಕೆಡವುವುದೂ ಮುಂಬಯಿಯಲ್ಲಿ ತೀರ್ಮಾನವಾಗುತ್ತದೆ. ದೂರದಲ್ಲಿರುವವರು ಇದ್ದಲ್ಲಿಂದಲೇ ಸ್ವಂತ ಕ್ಷೇತ್ರಕ್ಕೆ ವೋಟು ಹಾಕುವ ಮಶೀನನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು, ಒಂದು ಮಶೀನಿನಲ್ಲಿ 72 ಕ್ಷೇತ್ರ. ವಿರೋಧ ಪಕ್ಷಗಳು ಒಪ್ಪಲಿಲ್ಲ, ಮಾತು ಅಲ್ಲಿಗೇ ನಿಂತಿತು. ಅದು ಬಂದರೂ ಅವನಿಗೆ ಸಿಗುವುದು ಊರಿನ ವೋಟು. ಈ ನಗರದಲ್ಲಿ ಅವನ ಮಾತಿಗೆ ಜಾಗ ಬೇಕಾದರೆ ಫಾರ್ಮ್ 8 ತುಂಬಿ ಹೆಸರನ್ನು ಇಲ್ಲಿಗೆ ಬದಲಿಸಿಕೊಳ್ಳಬೇಕು. ಅದನ್ನು ಫೋನಿನಲ್ಲೇ ಮಾಡಬಹುದು. ಅದಕ್ಕೆ ಬೇಕಾದ ವಿಳಾಸದ ಪುರಾವೆ ಅವನ ಹತ್ತಿರ ಇಲ್ಲ.

ಚುನಾವಣೆ ಮುಗಿದ ವಾರ ನಮ್ಮ ಗುಂಪಿನಲ್ಲಿ ಒಂದು ಸಣ್ಣ ಕೆಲಸ ಶುರು ಮಾಡಿದೆವು. ಮರಾಠಿ ಪೇಪರ್ ಓದುವ ಮೂರು ಜನ ಸರದಿಯ ಮೇಲೆ, ವಾರಕ್ಕೆ ಎರಡು ಸಲ, ಎರಡು ನಿಮಿಷದ ವಾಯ್ಸ್ ಮೆಸೇಜ್ ಹಾಕುತ್ತೇವೆ. ನಮ್ಮ ವಾರ್ಡು, ನಮ್ಮ ಎಸ್ ವಾರ್ಡ್ ಕಚೇರಿ, ನೀರು, ರಸ್ತೆ. ಕನ್ನಡದಲ್ಲಿ, ಒಮ್ಮೊಮ್ಮೆ ತುಳುವಿನಲ್ಲಿ. ಎಸ್ ವಾರ್ಡ್ ಎಂದರೆ ಆಡಳಿತದ ವಿಭಾಗ, ನಾವು ವೋಟು ಹಾಕುವ ನಂಬರಿನ ವಾರ್ಡು ಬೇರೆ ಎಂದು ಬಿಡಿಸಿ ಹೇಳಲಿಕ್ಕೆ ಒಂದು ಇಡೀ ಮೆಸೇಜ್ ಹಿಡಿಯಿತು. ಮೊದಲ ಎರಡು ವಾರ ಯಾರೂ ಏನೂ ಹೇಳಲಿಲ್ಲ. ವಿಧಾನಸೌಧದ ವಿಡಿಯೋಗಳು ಬರುತ್ತಲೇ ಇದ್ದವು.

ಮೂರನೇ ವಾರ ಗುಂಪಿನ ಒಬ್ಬರು ದೊಡ್ಡಮ್ಮ, ಯಾವತ್ತೂ ಶುಭೋದಯ ಬಿಟ್ಟು ಬೇರೇನೂ ಹಾಕದವರು, ತಾವೇ ಒಂದು ವಾಯ್ಸ್ ಮೆಸೇಜ್ ಹಾಕಿದರು. "ಹೊಸ ನಗರಸೇವಕರ ನಂಬರ್ ಯಾರಲ್ಲಿ ಉಂಟು? ನಮ್ಮ ಚಾಳಿಗೆ ನೀರು ಬೆಳಿಗ್ಗೆ ನಾಲ್ಕಕ್ಕೆ ಬರ್ತದೆ, ಐದಕ್ಕೆ ನಿಲ್ತದೆ. ನನಗೆ ಏಳಲಿಕ್ಕೆ ಆಗುವುದಿಲ್ಲ. ಹೋಗಿ ಕೇಳುವ ಅಂತ. ಯಾರಾದರೂ ಬರ್ತೀರಾ?"

ಆರು ಜನ ಬರುತ್ತೇವೆ ಎಂದು ಬರೆದರು. ಅದರಲ್ಲಿ ಒಬ್ಬರು, ಮತದಾನದ ದಿನ ನನಗೆ ಫೋನ್ ಮಾಡಿದ ಹಿರಿಯರು.